ಜಂಗ್ ಹೇರಿಮ್ ಪುಟ ತೆರೆದು ನೋಡಿ: ವರ್ಲ್ಡ್ ಅಥ್ಲೆಟಿಕ್ಸ್ ಕೊಡುವ ಅಥ್ಲೀಟ್ ಮಾಹಿತಿ ಸೇವೆ ಹೇಗಿದೆ?

ವರ್ಲ್ಡ್ ಅಥ್ಲೆಟಿಕ್ಸ್ ಸಂಸ್ಥೆಯ ಜಾಲತಾಣದಲ್ಲಿ ಒಬ್ಬೊಬ್ಬ ಅಥ್ಲೀಟ್‌ಗೂ ಒಂದು ಪುಟ ಇರುತ್ತದೆ. ಹೆಸರು ಹಾಕಿ ಹುಡುಕಿದರೆ ಸಾಕು. ಆ ಓಟಗಾರ್ತಿ ಯಾವ ವರ್ಷ, ಯಾವ ಊರಲ್ಲಿ, ಎಷ್ಟು ಸೆಕೆಂಡಿಗೆ ಓಡಿದಳು, ಎಷ್ಟನೆಯವಳಾದಳು, ಆವತ್ತು ಗಾಳಿ ಎಷ್ಟಿತ್ತು ಎಲ್ಲವೂ ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ. ನಮ್ಮಲ್ಲಿ ಜಾಸ್ತಿ ಜನ ಇದನ್ನು ನೀರಜ್ ಚೋಪ್ರಾ ಎಷ್ಟು ಮೀಟರ್ ಎಸೆದ ಅಂತ ನೋಡಲು ಒಮ್ಮೆ ತೆರೆದು ಮುಚ್ಚಿಬಿಡುತ್ತಾರೆ. ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಕಾಲೇಜಿನಲ್ಲಿದ್ದಾಗ ಹರ್ಡಲ್ಸ್, ಅಂದರೆ ಅಡ್ಡ ಇಟ್ಟ ಹಲಗೆಗಳನ್ನು ಹಾರಿ ದಾಟುವ ಓಟ, ಓಡಿದವಳು. ಈಗ ಹಾಸನ ಜಿಲ್ಲೆಯ ಒಂದು ಮಣ್ಣಿನ ಮೈದಾನದಲ್ಲಿ ಹುಡುಗಿಯರಿಗೆ ಅದನ್ನೇ ಕಲಿಸುತ್ತೇನೆ. ಈ ಸೇವೆ ನನಗೆ ದಿನನಿತ್ಯದ ಕೆಲಸದ ಸಾಮಾನು. ಹಾಗಾಗಿ ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಇಂಥ ಸೇವೆಯನ್ನು ಅಳೆಯಲು ಉಸೇನ್ ಬೋಲ್ಟ್ ಪುಟ ತೆರೆದರೆ ಪ್ರಯೋಜನ ಇಲ್ಲ. ಬೋಲ್ಟ್ ಕತೆ ಎಲ್ಲಿ ಬೇಕಾದರೂ ಸಿಗುತ್ತದೆ. ಟಿವಿಯಲ್ಲಿ ತೋರಿಸದ, ಪೇಪರಿನಲ್ಲಿ ಒಂದು ಸಾಲಿಗೆ ಮುಗಿದುಹೋಗುವ ಅಥ್ಲೀಟ್ ಪುಟ ತೆರೆಯಬೇಕು. ಆಗಲೇ ಇದರ ಬೆಲೆ ಗೊತ್ತಾಗುವುದು. ನಾನು ಆರಿಸಿಕೊಂಡದ್ದು ದಕ್ಷಿಣ ಕೊರಿಯಾದ ಜಂಗ್ ಹೇರಿಮ್. 100 ಮೀಟರ್ ಹರ್ಡಲ್ಸ್. ಹುಟ್ಟಿದ್ದು 1987ರ ಜುಲೈ 1. ಒಲಿಂಪಿಕ್ಸ್ ಪದಕ ಇಲ್ಲ, ವಿಶ್ವ ದಾಖಲೆ ಇಲ್ಲ. ಆದರೆ ಏಷ್ಯಾ ಮಟ್ಟದಲ್ಲಿ ವರ್ಷಗಟ್ಟಲೆ ಓಡಿದವಳು. ನಮ್ಮ ಹುಡುಗಿಯರಿಗೆ ತೋರಿಸಲು ಇವಳಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊದಲು ಹುಡುಕುವ ವಿಷಯ. ಕೊರಿಯಾದ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಹೇರಿಮ್ ಅಂತಲೂ ಇದೆ, ಹೇಲಿಮ್ ಅಂತಲೂ ಇದೆ. ಒಂದರಲ್ಲಿ ಸಿಗದಿದ್ದರೆ ಇನ್ನೊಂದು ಹಾಕಿ. ಇನ್ನೂ ಸುಲಭದ ದಾರಿ ಅಂದರೆ ಅವಳು ಓಡಿದ ಕೂಟದ ಫಲಿತಾಂಶಕ್ಕೆ ಹೋಗಿ ಅಲ್ಲಿಂದ ಹೆಸರು ಒತ್ತುವುದು. ನಮ್ಮ ಶಾಲೆಯ ಹುಡುಗಿಯರು ಈ ದಾರಿಯನ್ನೇ ಹಿಡಿಯುತ್ತಾರೆ.

ಪುಟ ತೆರೆದರೆ ಪಿಬಿ, ಅಂದರೆ ಜೀವನದ ಅತಿ ಒಳ್ಳೆಯ ಸಮಯ, ಎದ್ದು ಕಾಣುತ್ತದೆ. ಆಮೇಲೆ ಪ್ರತಿ ವರ್ಷದ ಒಳ್ಳೆಯ ಸಮಯದ ಪಟ್ಟಿ. ಆಮೇಲೆ ದೊಡ್ಡ ಕೂಟಗಳಲ್ಲಿ ಬಂದ ಸ್ಥಾನಗಳು. ಆಮೇಲೆ ಒಂದೊಂದು ಓಟದ ವಿವರ. ಎಲ್ಲರೂ ಮೊದಲು ನೋಡುವುದು ಪಿಬಿಯನ್ನೇ. ಜಂಗ್ ಹೇರಿಮ್ ಪಿಬಿ 13.04 ಸೆಕೆಂಡ್. ಓಡಿದ್ದು 2016ರಲ್ಲಿ. ಅದೇ ವರ್ಷ ಅಮೆರಿಕದ ಕೆಂಡ್ರಾ ಹ್ಯಾರಿಸನ್ 12.20 ಓಡಿ ವಿಶ್ವ ದಾಖಲೆ ಮಾಡಿದಳು. ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡಿ "ಅಯ್ಯೋ ಇಷ್ಟೇನಾ" ಅಂದುಕೊಂಡು ಪುಟ ಮುಚ್ಚಿದರೆ ಮುಖ್ಯವಾದದ್ದು ಎಲ್ಲವೂ ತಪ್ಪಿಹೋಗುತ್ತದೆ.

ನಾನು ಮಾಡುವುದು ಬೇರೆ. ಪದಕಗಳ ಭಾಗವನ್ನೂ ಸಮಯದ ಭಾಗವನ್ನೂ ಒಟ್ಟಿಗೆ ನೋಡುತ್ತೇನೆ. ಹಾಗೆ ನೋಡಿದಾಗ ಒಂದು ವಿಚಿತ್ರ ಕಾಣುತ್ತದೆ.

2011ರ ಜುಲೈ, ಜಪಾನಿನ ಕೋಬೆ. ಏಷ್ಯನ್ ಚಾಂಪಿಯನ್‌ಷಿಪ್. ಹೇರಿಮ್ ಓಡಿದ್ದು 13.11. ಸಿಕ್ಕಿದ್ದು ಬೆಳ್ಳಿ.

2017ರ ಜುಲೈ, ನಮ್ಮ ಭುವನೇಶ್ವರ. ಅದೇ ಏಷ್ಯನ್ ಚಾಂಪಿಯನ್‌ಷಿಪ್. ಓಡಿದ್ದು 13.16. ಸಿಕ್ಕಿದ್ದು ಚಿನ್ನ.

2018ರ ಆಗಸ್ಟ್ 26, ಜಕಾರ್ತ. ಏಷ್ಯನ್ ಗೇಮ್ಸ್. ಓಡಿದ್ದು 13.20. ಮತ್ತೆ ಚಿನ್ನ.

ಸಮಯ ನಿಧಾನ ಆಗುತ್ತಾ ಹೋಗಿದೆ, ಪದಕ ಮೇಲೇರಿದೆ. ಅವಳ ಅತಿ ವೇಗದ ಓಟಕ್ಕೆ ಇವುಗಳಲ್ಲಿ ಯಾವ ಪದಕವೂ ಬಂದಿಲ್ಲ. ಇದನ್ನು ಮೊದಲ ಸಲ ಬೋರ್ಡಿನ ಮೇಲೆ ಬರೆದು ತೋರಿಸಿದಾಗ ಒಬ್ಬಳು ಹುಡುಗಿ "ಮೇಡಂ, ನೀವು ಉಲ್ಟಾ ಬರೆದಿದ್ದೀರಿ" ಅಂದಳು. ಉಲ್ಟಾ ಅಲ್ಲ. ಓಟ ಇರುವುದೇ ಹಾಗೆ. ಗಡಿಯಾರದ ಜೊತೆ ಒಂದು ಓಟ, ಪಕ್ಕದ ಲೇನಿನವರ ಜೊತೆ ಇನ್ನೊಂದು ಓಟ.

ಕೋಬೆಯಲ್ಲಿ ಚಿನ್ನ ಗೆದ್ದ ಚೀನಾದ ಸುನ್ ಯಾವೈ ಓಡಿದ್ದು 13.04. ಮುಂದೆ ಐದು ವರ್ಷ ಕಳೆದ ಮೇಲೆ ಹೇರಿಮ್ ಓಡಿದ ಜೀವನದ ಅತಿ ಒಳ್ಳೆಯ ಸಮಯವೂ ಅದೇ, 13.04. ಅಂದರೆ ಆವತ್ತು ತನ್ನನ್ನು ಸೋಲಿಸಿದ ಸಮಯವನ್ನು ಮುಟ್ಟಲು ಅವಳಿಗೆ ಐದು ವರ್ಷ ಬೇಕಾಯಿತು. ಬೇರೆ ಯಾರೂ ಇದನ್ನು ನನಗೆ ಹೇಳಿರಲಿಲ್ಲ. ಕೋಬೆಯ ಫಲಿತಾಂಶ ಒಂದು ಕಡೆ, ಅವಳ ಪುಟ ಇನ್ನೊಂದು ಕಡೆ ಇಟ್ಟುಕೊಂಡಾಗ ತಾನಾಗಿ ಕಣ್ಣಿಗೆ ಬಿತ್ತು. ಸುನ್ ಓಡಿದ ಆ 13.04 ಅಂದರೆ ಸುಮ್ನೆ ಬಂದ ಸಂಖ್ಯೆ ಅಲ್ಲ. ಕಜಕಸ್ತಾನದ ಓಲ್ಗಾ ಶಿಶಿಗಿನಾ 1998ರಲ್ಲಿ ಮಾಡಿದ್ದ ಚಾಂಪಿಯನ್‌ಷಿಪ್ ದಾಖಲೆಯೂ ಅದೇ. ಶಿಶಿಗಿನಾ ಅಂದರೆ 2000ದ ಸಿಡ್ನಿ ಒಲಿಂಪಿಕ್ಸ್ ಚಿನ್ನ ಗೆದ್ದವಳು. 1995ರಲ್ಲಿ ಅವಳು ಓಡಿದ 12.44 ಏಷ್ಯಾದ ದಾಖಲೆ. ಏಷ್ಯಾದ ಒಳಗೇ ಎಷ್ಟು ಎತ್ತರ ಇದೆ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಕೋಬೆಯ ಮರುತಿಂಗಳೇ ವಿಶ್ವ ಚಾಂಪಿಯನ್‌ಷಿಪ್, ಅದೂ ಸ್ವಂತ ದೇಶದಲ್ಲಿ, ದೇಗು ನಗರದಲ್ಲಿ. ಹೇರಿಮ್ ಹೀಟ್, ಅಂದರೆ ಮೊದಲ ಸುತ್ತು, ದಾಟಲಿಲ್ಲ. ಆ ಕೂಟದಲ್ಲಿ ಆಸ್ಟ್ರೇಲಿಯಾದ ಸ್ಯಾಲಿ ಪಿಯರ್ಸನ್ 12.28 ಓಡಿ ಗೆದ್ದಳು. 2012ರ ಲಂಡನ್ ಒಲಿಂಪಿಕ್ಸ್‌ಗೂ ಹೇರಿಮ್ ಹೋದಳು. ಅಲ್ಲೂ ಹೀಟ್‌ನಲ್ಲೇ ಮುಗಿಯಿತು. ಗೆದ್ದವಳು ಮತ್ತೆ ಪಿಯರ್ಸನ್, 12.35. ಪುಟದಲ್ಲಿ ಈ ಎರಡು ಕೂಟಗಳಿಗೆ ಸಿಗುವ ಜಾಗ ಒಂದೊಂದು ಸಾಲು ಅಷ್ಟೇ. ಆದರೆ ಆ ಸಾಲುಗಳು ಇವೆಯಲ್ಲ, ಅದು ನನಗೆ ಮುಖ್ಯ. ಗೆದ್ದವರ ಪಟ್ಟಿ ಎಲ್ಲರೂ ಇಡುತ್ತಾರೆ. ಹೀಟ್‌ನಲ್ಲಿ ಸೋತವಳ ಸಮಯವನ್ನೂ ಅಷ್ಟೇ ಜೋಪಾನವಾಗಿ ಇಟ್ಟಿರುವುದು ಈ ಸೇವೆಯ ದೊಡ್ಡ ಗುಣ.

ಆಮೇಲೆ 2014. ಏಷ್ಯನ್ ಗೇಮ್ಸ್ ಇಂಚಿಯಾನ್‌ನಲ್ಲಿ, ಮತ್ತೆ ಸ್ವಂತ ದೇಶ. ಇಪ್ಪತ್ತೇಳು ವಯಸ್ಸು. ಹರ್ಡಲ್ಸ್ ಓಡುವವರಿಗೆ ಒಳ್ಳೆಯ ವಯಸ್ಸು ಅದು. ಫೈನಲ್‌ನಲ್ಲಿ 13.39, ನಾಲ್ಕನೇ ಸ್ಥಾನ. ಚೀನಾದ ವು ಶುಯಿಜಿಯಾವೊ 12.72 ಓಡಿ ಚಿನ್ನ ಗೆದ್ದಳು. ಕೊರಿಯಾಕ್ಕೆ ಆ ಕೂಟದ ಅಥ್ಲೆಟಿಕ್ಸ್‌ನಲ್ಲಿ ಒಂದೇ ಒಂದು ಚಿನ್ನವೂ ಬರಲಿಲ್ಲ. ತವರಿನ ಜನರ ಮುಂದೆ ನಾಲ್ಕನೆಯವಳಾಗುವುದು ಅಂದರೆ ಏನು ಅಂತ ಓಡಿದವರಿಗೆ ಗೊತ್ತು. ಎಂಟನೆಯವಳಾದರೆ ಅಷ್ಟು ನೋವಾಗುವುದಿಲ್ಲ.

ಪುಟವನ್ನು ಅಲ್ಲಿಗೇ ನಿಲ್ಲಿಸಿ ನಾನು ಹುಡುಗಿಯರನ್ನು ಕೇಳುತ್ತೇನೆ, ಈಗ ಇವಳು ಏನು ಮಾಡಬೇಕು? ಜಾಸ್ತಿ ಹುಡುಗಿಯರು "ಕೆಲಸಕ್ಕೆ ಸೇರಿಕೊಳ್ಳಬೇಕು" ಅನ್ನುತ್ತಾರೆ. ಮದುವೆ ಅನ್ನುವವರೂ ಇದ್ದಾರೆ. ಅವರ ತಪ್ಪೇನೂ ಇಲ್ಲ. ಅವರ ಮನೆಯಲ್ಲಿ ಕೇಳಿಬರುವ ಮಾತೇ ಅದು. ಇಲ್ಲಿ ಕೊರಿಯಾದ ಪದ್ಧತಿ ಬಗ್ಗೆ ಒಂದು ಮಾತು ಹೇಳಬೇಕು. ಅಲ್ಲಿ ನಗರಾಡಳಿತಗಳೇ ಅಥ್ಲೆಟಿಕ್ಸ್ ತಂಡ ಸಾಕುತ್ತವೆ. ಹೇರಿಮ್ ಮೊದಲು ಗುಮಿ ನಗರದ ತಂಡದಲ್ಲಿದ್ದಳು, ಮುಂದೆ ಗ್ವಾಂಗ್ಜು ನಗರದ ತಂಡದಲ್ಲಿ. ಅಂದರೆ ಓಡುವುದೇ ಅವಳ ಕೆಲಸ. ನಮ್ಮಲ್ಲಿ ರೈಲ್ವೆ, ಪೊಲೀಸ್, ಸೇನೆ ಈ ಜವಾಬ್ದಾರಿ ಹೊತ್ತಿವೆ. ನಮ್ಮ ನಗರಸಭೆಗಳೂ ಒಬ್ಬಿಬ್ಬರು ಓಟಗಾರ್ತಿಯರಿಗೆ ಸಂಬಳ ಕೊಡುವ ಹಾಗಾದರೆ ಎಷ್ಟು ಚೆನ್ನ. ನಿಜವಾಗಿ ಹೇಳುತ್ತಿದ್ದೇನೆ, ಇದು ಆಗಬೇಕು.

ಹೇರಿಮ್ ಬಿಡಲಿಲ್ಲ. 2016ರಲ್ಲಿ 13.04 ಬಂತು. ರಿಯೋ ಒಲಿಂಪಿಕ್ಸ್‌ಗೆ ನಿಗದಿ ಮಾಡಿದ್ದ ಅರ್ಹತೆ 13.00. ನೂರರಲ್ಲಿ ನಾಲ್ಕು ಪಾಲು ಸೆಕೆಂಡ್ ಕಡಿಮೆ ಬಿತ್ತು. ಆ ವೇಗದಲ್ಲಿ ನಾಲ್ಕು ಪಾಲು ಅಂದರೆ ಸುಮಾರು ಮೂವತ್ತು ಸೆಂಟಿಮೀಟರ್. ಮಕ್ಕಳ ಬ್ಯಾಗಿನಲ್ಲಿರುವ ದೊಡ್ಡ ಸ್ಕೇಲ್ ಅಷ್ಟು. ನಾನು ಸ್ಕೇಲನ್ನೇ ನೆಲದ ಮೇಲೆ ಇಟ್ಟು ತೋರಿಸುತ್ತೇನೆ. ಲಂಡನ್‌ಗೆ ಹೋಗುವಾಗ ಬಿ ಮಟ್ಟ ಅಂತ ಸ್ವಲ್ಪ ಸಡಿಲವಾದ ಅರ್ಹತೆಯೂ ಇತ್ತು, 13.15. ಕೋಬೆಯ 13.11 ಅದರೊಳಗೆ ಬರುತ್ತಿತ್ತು. ರಿಯೋ ಹೊತ್ತಿಗೆ ಎ, ಬಿ ಅಂತ ಎರಡು ಮಟ್ಟ ಇರಲಿಲ್ಲ, ಒಂದೇ ಇತ್ತು. ಹಾಗಾಗಿ ಮೊದಲಿಗಿಂತ ವೇಗ ಆಗಿದ್ದವಳಿಗೆ ಬಾಗಿಲು ಇನ್ನೂ ಚಿಕ್ಕದಾಯಿತು. ಪಿಬಿ ಒಂದನ್ನೇ ನೋಡುವವರಿಗೆ ಈ ಹಿನ್ನೆಲೆ ಗೊತ್ತೇ ಆಗುವುದಿಲ್ಲ. ಪುಟ ತಾನಾಗಿ ಇದನ್ನು ಹೇಳುವುದಿಲ್ಲ, ಆ ವರ್ಷದ ಅರ್ಹತಾ ಮಟ್ಟವನ್ನು ನಾವೇ ಹುಡುಕಿ ಪಕ್ಕದಲ್ಲಿ ಬರೆದುಕೊಳ್ಳಬೇಕು.

ಈಗ ಭುವನೇಶ್ವರಕ್ಕೆ ಬರೋಣ. 2017ರ ಏಷ್ಯನ್ ಚಾಂಪಿಯನ್‌ಷಿಪ್ ಮೊದಲು ರಾಂಚಿಯಲ್ಲಿ ನಡೆಯಬೇಕಿತ್ತು, ಆಮೇಲೆ ಕಳಿಂಗ ಸ್ಟೇಡಿಯಂಗೆ ಬಂತು. ನಮಗೆಲ್ಲ ಆ ಕೂಟ ನೆನಪಿರುವುದು ಭಾರತ 29 ಪದಕ ಗೆದ್ದು ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದದ್ದರಿಂದ. ನಮ್ಮ ಮಂಗಳೂರಿನ ಎಂ.ಆರ್. ಪೂವಮ್ಮ ಅಲ್ಲಿ 4×400 ರಿಲೇ ಚಿನ್ನ ಗೆದ್ದ ತಂಡದಲ್ಲಿದ್ದಳು. ಅದೇ ಕೂಟದಲ್ಲಿ ಹತ್ತು ಹರ್ಡಲ್ ದಾಟಿ 13.16ಕ್ಕೆ ಮುಗಿಸಿ ಹೇರಿಮ್ ಮೊದಲ ಸಲ ಏಷ್ಯನ್ ಚಾಂಪಿಯನ್ ಆದಳು. ಮೂವತ್ತು ತುಂಬಿ ಒಂದು ವಾರ ಆಗಿತ್ತು ಅಷ್ಟೇ.

ಜಕಾರ್ತಕ್ಕೆ ಬರುವ ಹೊತ್ತಿಗೆ ಮೂವತ್ತೊಂದು. ಹೀಟ್‌ನಲ್ಲಿ 13.17. ಫೈನಲ್ ಗೆಲೋರಾ ಬುಂಗ್ ಕಾರ್ನೊ ಸ್ಟೇಡಿಯಂನಲ್ಲಿ. ಪಕ್ಕದ ಲೇನುಗಳಲ್ಲಿ ಇಂಡೊನೇಷ್ಯಾದ ಎಮಿಲಿಯಾ ನೋವಾ ಕೂಡ ಇದ್ದಳು, ಅಂದರೆ ಇಡೀ ಸ್ಟೇಡಿಯಂ ಕೂಗುತ್ತಿದ್ದದ್ದು ಬೇರೆಯವಳಿಗಾಗಿ. ಹೇರಿಮ್ 13.20ಕ್ಕೆ ಮುಗಿಸಿದಳು. ನೋವಾ 13.33. ಹಾಂಗ್‌ಕಾಂಗ್‌ನ ಲುಯಿ ಲೈ ಯಿಯು 13.42. ನೂರರಲ್ಲಿ ಹದಿಮೂರು ಪಾಲು ಮುಂದೆ. ಹರ್ಡಲ್ಸ್‌ನಲ್ಲಿ ಅದು ದೊಡ್ಡ ಅಂತರ. ಆ ಗೇಮ್ಸ್‌ನಲ್ಲಿ ಕೊರಿಯಾಕ್ಕೆ ಅಥ್ಲೆಟಿಕ್ಸ್‌ನಿಂದ ಬಂದ ಚಿನ್ನ ಅದೊಂದೇ. 2010ರ ಆಮೇಲೆ ಏಷ್ಯನ್ ಗೇಮ್ಸ್ ಟ್ರ್ಯಾಕಿನಲ್ಲಿ ಅವರ ರಾಷ್ಟ್ರಗೀತೆ ಕೇಳಿದ್ದು ಆಗಲೇ.

2010ರಲ್ಲಿ ಈ ಓಟದಲ್ಲಿ ಗೆದ್ದವಳು ಯಾರು ಅಂದರೆ ಇನ್ನೊಬ್ಬ ಕೊರಿಯಾದವಳೇ, ಲೀ ಯಾನ್‌ಕ್ಯಂಗ್. ಅವಳ ಪುಟವನ್ನೂ ತಪ್ಪದೆ ತೆರೆಯಿರಿ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 13.23 ಓಡಿ ಕಂಚು. 2010ರ ಗುವಾಂಗ್‌ಝೌನಲ್ಲಿ 13.23 ಓಡಿ ಚಿನ್ನ. ಹೌದು, ನೂರರ ಪಾಲಿನವರೆಗೂ ಅದೇ ಸಮಯ! ಗುವಾಂಗ್‌ಝೌನಲ್ಲಿ ಎರಡನೆಯವಳಾದ ಕಜಕಸ್ತಾನದ ನತಾಲ್ಯಾ ಇವೊನಿನ್‌ಸ್ಕಯಾ ಓಡಿದ್ದು 13.24. ಚಿನ್ನಕ್ಕೂ ಬೆಳ್ಳಿಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ. ಈ ಓಟದಲ್ಲಿ ಕೊರಿಯಾದ ಮೊದಲ ಏಷ್ಯನ್ ಗೇಮ್ಸ್ ಚಿನ್ನ ಅದು. ಅದೇ ವರ್ಷ ಲೀ ಓಡಿದ 13.00 ಕೊರಿಯಾದ ದಾಖಲೆ. ಹೇರಿಮ್ ಎರಡು ದೊಡ್ಡ ಚಿನ್ನ ಗೆದ್ದರೂ ಆ ದಾಖಲೆ ಮುರಿಯಲಿಲ್ಲ. ನನ್ನ ದೃಷ್ಟಿಯಲ್ಲಿ ಅದು ಅವಳ ಕೊರತೆ ಅಲ್ಲ. ದೇಶದ ದಾಖಲೆ ಒಬ್ಬಳ ಹತ್ತಿರ, ಎರಡು ಏಷ್ಯನ್ ಕಿರೀಟ ಇನ್ನೊಬ್ಬಳ ಹತ್ತಿರ. ಎರಡೂ ನಿಜ, ಎರಡೂ ದೊಡ್ಡವು.

ಗಂಡಸರ 110 ಮೀಟರ್ ಹರ್ಡಲ್ಸ್ ಇಷ್ಟ ಇರುವವರು ಪಾರ್ಕ್ ತೇಕ್ಯಾಂಗ್ ಮತ್ತು ಕಿಮ್ ಬ್ಯಾಂಗ್‌ಜುನ್ ಪುಟ ನೋಡಬಹುದು. ಪಾರ್ಕ್ ಗುವಾಂಗ್‌ಝೌನಲ್ಲಿ 13.48ಕ್ಕೆ ಕಂಚು ಗೆದ್ದ ಓಟದಲ್ಲಿ ಚೀನಾದ ಲಿಯು ಶಿಯಾಂಗ್ 13.09ಕ್ಕೆ ಮುಗಿಸಿ ಗೆದ್ದಿದ್ದ. ಕಿಮ್‌ಗೆ ಇಂಚಿಯಾನ್‌ನಲ್ಲಿ 13.43ಕ್ಕೆ ಬೆಳ್ಳಿ.

ಈಗ ಈ ಸೇವೆಯ ಇನ್ನೊಂದು ಭಾಗ, ನನಗೆ ತುಂಬಾ ಇಷ್ಟವಾದದ್ದು: ಗಾಳಿಯ ಕಾಲಂ. ಸಮಯದ ಪಕ್ಕದಲ್ಲಿ ಒಂದು ಚಿಕ್ಕ ಸಂಖ್ಯೆ ಇರುತ್ತದೆ. ಪ್ಲಸ್ ಇದ್ದರೆ ಗಾಳಿ ಹಿಂದಿನಿಂದ ತಳ್ಳಿದೆ, ಮೈನಸ್ ಇದ್ದರೆ ಎದುರಿಗೆ ಬೀಸಿದೆ. ಸೆಕೆಂಡಿಗೆ 2.0 ಮೀಟರ್ ದಾಟಿದ ಗಾಳಿ ಬೆನ್ನಿಗಿದ್ದರೆ ಆ ಸಮಯ ದಾಖಲೆಗೆ ಲೆಕ್ಕವಿಲ್ಲ. ಪದಕಕ್ಕೆ ಲೆಕ್ಕ ಇದೆ, ಯಾಕೆಂದರೆ ಎಲ್ಲರಿಗೂ ಒಂದೇ ಗಾಳಿ. ಪಟ್ಟಿಯಲ್ಲಿ ಗಾಳಿ ಮೀರಿದ ಸಮಯಗಳನ್ನು ಬೇರೆಯಾಗಿ ತೋರಿಸುತ್ತಾರೆ. ಇದನ್ನು ಅರ್ಥ ಮಾಡಿಸಲು ನಾನು ಹೇರಿಮ್ ಪುಟ ಬಿಟ್ಟು ನಮ್ಮ ಭಾರತದ ಹರ್ಡಲ್ಸ್ ಓಟಗಾರ್ತಿ ಜ್ಯೋತಿ ಯರ್ರಾಜಿ ಪುಟಕ್ಕೆ ಹೋಗುತ್ತೇನೆ.

ಜ್ಯೋತಿ ವಿಶಾಖಪಟ್ಟಣದ ಹುಡುಗಿ. ತರಬೇತಿ ಪಡೆದು ಬೆಳೆದದ್ದು ಭುವನೇಶ್ವರದ ಕಳಿಂಗ ಸ್ಟೇಡಿಯಂನಲ್ಲಿ, ಹೇರಿಮ್ ಚಿನ್ನ ಗೆದ್ದ ಅದೇ ಜಾಗದಲ್ಲಿ. ಅವಳ ಕತೆಯಲ್ಲಿ ಕರ್ನಾಟಕಕ್ಕೆ ಎರಡು ಜಾಗ ಇದೆ. ಒಂದು, 2020ರ ಜನವರಿ, ಮೂಡುಬಿದಿರೆಯ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟ. ಜ್ಯೋತಿ 13.03 ಓಡಿದಳು. ಆಗಿನ ಭಾರತದ ದಾಖಲೆ ಅನುರಾಧಾ ಬಿಸ್ವಾಲ್ 2002ರಲ್ಲಿ ಮಾಡಿದ್ದ 13.38. ಆದರೂ ಆ 13.03 ದಾಖಲೆ ಆಗಲಿಲ್ಲ. ಅವಳಿಗೆ ಡೋಪ್ ಪರೀಕ್ಷೆ ನಡೆದಿರಲಿಲ್ಲ, ಭಾರತದ ಅಥ್ಲೆಟಿಕ್ಸ್ ಫೆಡರೇಷನ್‌ನ ತಾಂತ್ರಿಕ ಪ್ರತಿನಿಧಿಯೂ ಅಲ್ಲಿ ಇರಲಿಲ್ಲ. 2022ರ ಏಪ್ರಿಲ್‌ನಲ್ಲಿ ಕೋಯಿಕ್ಕೋಡ್‌ನಲ್ಲಿ 13.09 ಓಡಿದಳು, ಗಾಳಿ 2.1. ಮಿತಿ ಮೀರಿದ್ದು 0.1 ಮಾತ್ರ! ಮುಂದಿನ ತಿಂಗಳು ಸೈಪ್ರಸ್‌ನ ಲಿಮಸೋಲ್‌ನಲ್ಲಿ 13.23 ಓಡಿದಾಗ ಕೊನೆಗೂ ದಾಖಲೆ ಅವಳ ಹೆಸರಿಗೆ ಬಂತು. ನಿಧಾನವಾದ ಸಮಯಕ್ಕೆ ದಾಖಲೆ, ವೇಗದ ಸಮಯಕ್ಕೆ ಇಲ್ಲ. 13.23, ಲೀ ಯಾನ್‌ಕ್ಯಂಗ್ ಎರಡೂ ಏಷ್ಯನ್ ಗೇಮ್ಸ್‌ನಲ್ಲಿ ಓಡಿದ ಅದೇ ಸಮಯ.

ಎರಡನೆಯದು ನಮ್ಮ ಬೆಂಗಳೂರು. 2022ರ ಅಕ್ಟೋಬರ್ 17, ರಾಷ್ಟ್ರೀಯ ಓಪನ್ ಅಥ್ಲೆಟಿಕ್ಸ್, ಕಂಠೀರವ ಸ್ಟೇಡಿಯಂ. 12.82, ಗಾಳಿ 0.9. ನಿಯಮದ ಒಳಗೆ 13 ಸೆಕೆಂಡ್‌ಗಿಂತ ಕಡಿಮೆ ಸಮಯದಲ್ಲಿ ಓಡಿದ ಮೊದಲ ಭಾರತೀಯಳಾದದ್ದು ಅಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಗುಜರಾತಿನ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 12.79 ಓಡಿದ್ದಳು. ಆದರೆ ಗಾಳಿ 2.5 ಇತ್ತು. ಈ ನಾಲ್ಕೈದು ಸಂಖ್ಯೆಗಳನ್ನು ಬರೆದು ಪಕ್ಕದಲ್ಲಿ ಗಾಳಿ ಬರೆದರೆ ಒಂಬತ್ತನೇ ಕ್ಲಾಸಿನ ಹುಡುಗಿಗೂ ಎಲ್ಲ ಅರ್ಥವಾಗುತ್ತದೆ. ನಾನು ಓಡುತ್ತಿದ್ದಾಗ ಗಾಳಿ ಅಳೆಯುವ ಯಂತ್ರವನ್ನು ದೂರದಿಂದ ನೋಡಿದ್ದೆನೇ ಹೊರತು ಅದು ಯಾಕೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಹೇರಿಮ್ ಮತ್ತು ಜ್ಯೋತಿ ಪುಟಗಳನ್ನು ಜೋಡಿಸಿ ನೋಡಿದರೆ ಇನ್ನೊಂದು ಸಂತೋಷ ಸಿಗುತ್ತದೆ. 2025ರ ಮೇ ತಿಂಗಳು, ಏಷ್ಯನ್ ಚಾಂಪಿಯನ್‌ಷಿಪ್ ನಡೆದದ್ದು ಕೊರಿಯಾದ ಗುಮಿಯಲ್ಲಿ. ಹೇರಿಮ್ ಹಿಂದೆ ಪ್ರತಿನಿಧಿಸುತ್ತಿದ್ದ ಅದೇ ಗುಮಿ ನಗರ. ಮಳೆ ಸುರಿದು ಟ್ರ್ಯಾಕ್ ಒದ್ದೆಯಾಗಿತ್ತು. ಜ್ಯೋತಿ 12.96 ಓಡಿ ಚಿನ್ನ ಗೆದ್ದಳು. ಶಿಶಿಗಿನಾ ಮತ್ತು ಸುನ್ ಯಾವೈ ಹೆಸರಿನಲ್ಲಿದ್ದ 13.04ರ ಕೂಟ ದಾಖಲೆ ಆವತ್ತು ಹೋಯಿತು. ಕೊರಿಯಾದವಳು ಭಾರತಕ್ಕೆ ಬಂದು ಚಿನ್ನ ಗೆದ್ದಳು, ಭಾರತದವಳು ಕೊರಿಯಾಕ್ಕೆ ಹೋಗಿ ಚಿನ್ನ ಗೆದ್ದಳು. ಇದು ಯಾವ ಟಿವಿ ಕಾಮೆಂಟರಿಯಲ್ಲೂ ನನ್ನ ಕಿವಿಗೆ ಬೀಳಲಿಲ್ಲ. ಎರಡು ಪುಟಗಳಲ್ಲಿ ಮಾತ್ರ ಇದೆ.

ಇಷ್ಟೆಲ್ಲ ಹೊಗಳಿದ ಮೇಲೆ ಕೊರತೆಗಳನ್ನೂ ಹೇಳಲೇಬೇಕು, ಅಲ್ವಾ?

ಹರ್ಡಲ್ಸ್ ಓಟವನ್ನು ಒಂದೇ ಸಂಖ್ಯೆಯಲ್ಲಿ ಹೇಳಿದರೆ ಅರ್ಧ ಮಾತ್ರ ಹೇಳಿದ ಹಾಗೆ. ಹೆಂಗಸರ ಓಟದಲ್ಲಿ ಹತ್ತು ಹರ್ಡಲ್, ಎತ್ತರ 83.8 ಸೆಂಟಿಮೀಟರ್. ಶುರುವಿನಿಂದ ಮೊದಲ ಹರ್ಡಲ್‌ಗೆ 13 ಮೀಟರ್. ಆಮೇಲೆ ಪ್ರತಿ ಎರಡರ ನಡುವೆ 8.5 ಮೀಟರ್. ಕೊನೆಯ ಹರ್ಡಲ್‌ನಿಂದ ಗೆರೆಗೆ 10.5 ಮೀಟರ್. ಮೊದಲ ಹರ್ಡಲ್‌ಗೆ ಸಾಮಾನ್ಯವಾಗಿ ಎಂಟು ಹೆಜ್ಜೆ, ನಡುವೆ ಮೂರು ಹೆಜ್ಜೆ. ಆ ಮೂರು ಹೆಜ್ಜೆಯಲ್ಲೇ ಎಲ್ಲ ಇರುವುದು. ಒಂದು ಕಡೆ ಹಿಂದಿನ ಕಾಲಿನ ಮೊಣಕಾಲು ಹಲಗೆಗೆ ತಾಗಿದರೂ ಮುಂದಿನ ಹೆಜ್ಜೆ ಚಿಕ್ಕದಾಗುತ್ತದೆ, ಅದರ ಮುಂದಿನ ಹರ್ಡಲ್ ದೂರ ಆಗುತ್ತದೆ. ತಾಗಿದರೆ, ಬೀಳಿಸಿದರೆ ಓಟದಿಂದ ಹೊರಗೆ ಹಾಕುವುದಿಲ್ಲ, ಬೇಕೆಂದೇ ಬೀಳಿಸಬಾರದು ಅಷ್ಟೇ. ಆದರೆ ಸಮಯ ಮಾತ್ರ ಹೋಗುತ್ತದೆ. ಈಗ ಇಂಚಿಯಾನ್‌ನ 13.39 ನೋಡಿ. ಜಕಾರ್ತದ 13.20 ನೋಡಿ. ನಡುವಿನ 0.19 ಎಲ್ಲಿ ಹೋಯಿತು? ಶುರುವಿನಲ್ಲಾ, ಐದನೇ ಹರ್ಡಲ್‌ನಲ್ಲಾ, ಕೊನೆಯಲ್ಲಾ? ಪುಟದಲ್ಲಿ ಇದಕ್ಕೆ ಉತ್ತರ ಇಲ್ಲ. ಒಂದೊಂದು ಹರ್ಡಲ್ ದಾಟಿ ಕಾಲು ನೆಲಕ್ಕೆ ತಾಗಿದ ಸಮಯವನ್ನು ತರಬೇತುದಾರರು ವಿಡಿಯೋ ನೋಡಿ ಲೆಕ್ಕ ಹಾಕುತ್ತಾರೆ. ದೊಡ್ಡ ಕೂಟಗಳದ್ದಾದರೂ ಅಂಥ ಲೆಕ್ಕವನ್ನು ಅಥ್ಲೀಟ್ ಪುಟಕ್ಕೆ ಸೇರಿಸಿದರೆ ನನ್ನಂಥವರಿಗೆ ಅದು ಬಂಗಾರ.

ಇನ್ನೊಂದು, ಪುಟ ನೋಡಿದ ಕೂಡಲೇ ಕಣ್ಣು ಪಿಬಿ ಮೇಲೆ ಬೀಳುವ ಹಾಗೆ ಜೋಡಿಸಿದ್ದಾರೆ. ಪ್ರತಿ ಸಮಯಕ್ಕೂ ಅಂಕ ಬೇರೆ ಕೊಡುತ್ತಾರೆ. ಆ ಅಂಕಗಳಿಂದ ಬೇರೆ ಬೇರೆ ಸ್ಪರ್ಧೆಗಳನ್ನು ಹೋಲಿಸಬಹುದು, ನೂರು ಮೀಟರ್ ಓಟವನ್ನೂ ಲಾಂಗ್ ಜಂಪನ್ನೂ ಒಂದೇ ತಕ್ಕಡಿಗೆ ಹಾಕಬಹುದು. ಉಪಯೋಗ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಹದಿನಾಲ್ಕು ವರ್ಷದ ಹುಡುಗಿ ಮೊದಲ ಸಲ ನೋಡುವಾಗ ಆ ಅಂಕದ ಹಿಂದೆ ಬೀಳುತ್ತಾಳೆ. ಅದಕ್ಕೇ ನಾನು ಮಕ್ಕಳಿಗೆ ತೋರಿಸುವಾಗ ಮೊದಲು ವರ್ಷಗಳ ಪಟ್ಟಿ, ಆಮೇಲೆ ಪದಕ, ಕೊನೆಗೆ ಪಿಬಿ ಅನ್ನುವ ಕ್ರಮ ಇಟ್ಟುಕೊಂಡಿದ್ದೇನೆ. ಒಮ್ಮೆ ಒಬ್ಬಳು ತಾಲ್ಲೂಕು ಮಟ್ಟದಲ್ಲಿ ಗೆದ್ದು ಬಂದು, ಸಮಯ ಹಿಂದಿನ ವರ್ಷಕ್ಕಿಂತ ನಿಧಾನ ಇತ್ತು ಅಂತ ಮುಖ ಸಣ್ಣ ಮಾಡಿಕೊಂಡಿದ್ದಳು. ಅವಳಿಗೆ ಹೇರಿಮ್ ಓಡಿದ ಆ ಮೂರು ಸಾಲು ತೋರಿಸಿದೆ. ಕೋಬೆ, ಭುವನೇಶ್ವರ, ಜಕಾರ್ತ. ಸುಮಾರು ಹೊತ್ತು ನೋಡಿದಳು. ಆಮೇಲೆ "ಇವಳು 2014ರಲ್ಲಿ ಬಿಟ್ಟಿದ್ದರೆ?" ಅಂದಳು. ಅವಳೇ ಕೇಳಿದ ಪ್ರಶ್ನೆ ಅದು, ನಾನು ಹೇಳಿಕೊಟ್ಟದ್ದಲ್ಲ.

ಹಳೆಯ ಕಾಲದ ಅಥ್ಲೀಟ್‌ಗಳ ಪುಟಗಳಲ್ಲಿ ಚಿಕ್ಕ ಕೂಟಗಳ ವಿವರ ಕಡಿಮೆ ಸಿಗುತ್ತದೆ. ದೊಡ್ಡ ಕೂಟಗಳದ್ದು ಸಿಗುತ್ತದೆ. ನಮ್ಮ ರಾಜ್ಯದ ಹಿಂದಿನ ತಲೆಮಾರಿನ ಓಟಗಾರ್ತಿಯರನ್ನು ಹುಡುಕುವಾಗ ಇದು ಜಾಸ್ತಿ ಗೊತ್ತಾಗುತ್ತದೆ. ಕನ್ನಡದಲ್ಲಿ ಇಲ್ಲ ಅನ್ನುವುದು ನನಗೆ ಅಷ್ಟು ದೊಡ್ಡ ತೊಡಕಲ್ಲ, ಸಂಖ್ಯೆಗಳೇ ಜಾಸ್ತಿ ಇರುವುದರಿಂದ. ಹತ್ತು ಹದಿನೈದು ಇಂಗ್ಲಿಷ್ ಪದ ಗೊತ್ತಿದ್ದರೆ ಸಾಕು. ನಾನು ಅವುಗಳನ್ನು ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ಬರೆದು ಕ್ರೀಡಾ ಕೊಠಡಿಯ ಗೋಡೆಗೆ ಅಂಟಿಸಿದ್ದೇನೆ. ಬೇರೆ ಶಾಲೆಯವರೂ ಹಾಗೆ ಮಾಡಬಹುದು.

ಯಾರಿಗೆ ಇದು ಬೇಕು? ಸುಮ್ನೆ ಪದಕ ಎಷ್ಟು ಅಂತ ತಿಳಿಯಬೇಕಾದವರಿಗೆ ಪೇಪರ್ ಸಾಕು. ಮಕ್ಕಳಿಗೆ ಓಟ ಕಲಿಸುವವರು, ಓಡುವ ಮಕ್ಕಳ ಅಪ್ಪ ಅಮ್ಮ, ಜಿಲ್ಲಾ ಮಟ್ಟ ದಾಟಿ ರಾಜ್ಯಕ್ಕೆ ಹೋಗುವ ಹುಡುಗ ಹುಡುಗಿಯರು ಇದನ್ನು ಬಳಸಲೇಬೇಕು. ಅದರಲ್ಲೂ ಅಪ್ಪ ಅಮ್ಮಂದಿರು. "ಇಪ್ಪತ್ತಕ್ಕೆ ಏನೂ ಆಗದಿದ್ದರೆ ಇನ್ನು ಆಗುವುದಿಲ್ಲ" ಅನ್ನುವವರಿಗೆ ನಾನು ವಾದ ಮಾಡುವುದಿಲ್ಲ. ಫೋನಿನಲ್ಲಿ ಹೇರಿಮ್ ಪುಟ ತೆರೆದು ಹುಟ್ಟಿದ ವರ್ಷ ತೋರಿಸುತ್ತೇನೆ, ಆಮೇಲೆ 2017 ಮತ್ತು 2018ರ ಸಾಲು ತೋರಿಸುತ್ತೇನೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಉಳಿದ ಅರ್ಧ, ಹರ್ಡಲ್ ಹರ್ಡಲ್‌ನ ಸಮಯ ಸೇರಿಸಿದ ದಿನ. ಬಳಸಲು ಶುರು ಮಾಡುವವರು ಒಂದು ಕೆಲಸ ಮಾಡಿ: ಜಂಗ್ ಹೇರಿಮ್, ಲೀ ಯಾನ್‌ಕ್ಯಂಗ್, ಜ್ಯೋತಿ ಯರ್ರಾಜಿ ಮೂರೂ ಪುಟ ತೆರೆದು ಒಂದು ಹಾಳೆಯಲ್ಲಿ ವರ್ಷ, ಊರು, ಸಮಯ, ಗಾಳಿ, ಸ್ಥಾನ ಅಂತ ಐದು ಕಾಲಂ ಹಾಕಿ ಕೈಯಲ್ಲೇ ಬರೆಯಿರಿ. ಸ್ಥಾನದ ಕಾಲಂ ಮೊದಲು ತುಂಬಿ, ಸಮಯ ಆಮೇಲೆ.